ನೋಡೋಣ ಎಂದವರ ಊರು

ನಮ್ಮ ಊರಿನವರ ಬಾಯಲ್ಲಿ 'ಇಲ್ಲ' ಅನ್ನುವ ಮಾತು ಬರುವುದೇ ಇಲ್ಲ. ಬಾಗಿಲಿಗೆ ಯಾರೇ ಬರಲಿ, ಒಳಗೆ ಕರೆದು, ಕಾಫಿ ಕೊಟ್ಟು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ 'ನೋಡೋಣ' ಅನ್ನುತ್ತಾರೆ. ನಮ್ಮ ಅಯೋವಾ ರಾಜ್ಯದಲ್ಲಿ ಹುಟ್ಟಿ ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗವರ್ನರ್ ಕೊರಿನ್ ಹಾಲ್ವರ್ಸನ್ ಅವರಿಗೆ ಹೇಳಬೇಕಾಗಿತ್ತು, ಯಾರೂ ಹೇಳಲಿಲ್ಲ.

ಆಕೆ ಪಶ್ಚಿಮದ ಬೆಟ್ಟದ ಸೀಮೆಯವರು, ಅಲ್ಲಿ ಎರಡು ಸಲ ಚುನಾವಣೆ ಗೆದ್ದು ಗವರ್ನರ್ ಆಗಿದ್ದವರು. ಆ ವರ್ಷ ದೇಶದ ಅಧ್ಯಕ್ಷರಾಗಬೇಕೆಂದು ಹೊರಟಿದ್ದರು. ಹಾಗೆ ಹೊರಟವರೆಲ್ಲ ಆಗ ಮೊದಲು ನಮ್ಮ ಕೈಗೆ ಸಿಗಬೇಕಿತ್ತು. ಪಕ್ಷದ ಅಭ್ಯರ್ಥಿ ಯಾರು ಅನ್ನುವ ಆಯ್ಕೆ ಶುರುವಾಗುತ್ತಿದ್ದದ್ದೇ ಚಳಿಗಾಲದ ಒಂದು ಸಂಜೆ, ನಮ್ಮ ಶಾಲೆಗಳಲ್ಲಿ, ಚರ್ಚುಗಳಲ್ಲಿ. ಇಲ್ಲಿ ಎಡವಿದವರಿಗೆ ಮುಂದೆ ದಾರಿಯಿಲ್ಲ. ಮಾರನೆಯ ದಿನದಿಂದ ಟೀವಿಯವರು ಅವರ ಹೆಸರು ಎತ್ತುವುದಿಲ್ಲ, ದುಡ್ಡು ಕೊಡುವವರು ಫೋನು ಎತ್ತುವುದಿಲ್ಲ. ಇನ್ನೂ ನಲವತ್ತೊಂಬತ್ತು ರಾಜ್ಯ ಬಾಕಿ ಇದ್ದರೂ ಅಷ್ಟೇ, ಗಂಟುಮೂಟೆ ಕಟ್ಟಬೇಕು.

ನಾನು ವರ್ನಾ ಉಬೆನ್. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಹಾಕಿ ಕಳಿಸುತ್ತೇನೆ. ರಾಜಕೀಯ ನನಗೆ ಅಷ್ಟಕ್ಕಷ್ಟೇ. ಆದರೆ ನಮ್ಮ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಬೀಗ ಹಾಕಿದ ವರ್ಷ ನನ್ನ ಮಗಳು ಹೆದ್ದಾರಿಯ ಬದಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು, ದೇವರ ದಯೆ. ನಮ್ಮೂರಿಗೆ ಬಂದ ಅಭ್ಯರ್ಥಿಗಳಿಗೆಲ್ಲ ಅದನ್ನು ಹೇಳಿದೆ. ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ಮುಂದಿನವರ ಕೈ ಕುಲುಕಲು ಹೋದರು. ಗವರ್ನರ್ ಮಾತ್ರ ಕುರ್ಚಿ ಎಳೆದುಕೊಂಡು ಕೂತು, "ಆಗ ಅಲ್ಲಿ ಯಾರಿದ್ರು? ಹೊಕ್ಕಳ ಬಳ್ಳಿ ಯಾರು ಕತ್ತರಿಸಿದ್ರು?" ಎಂದು ಕೇಳಿದರು. ಆಮೇಲೆ ಹೋದ ಹೋದಲ್ಲೆಲ್ಲ ಹಳ್ಳಿ ಕಡೆಯ ಹೆರಿಗೆ ಆಸ್ಪತ್ರೆಗಳ ಮಾತು ಎತ್ತಿದರು. ಉಳಿದ ಯಾವ ಗಂಡಸಿನ ಬಾಯಲ್ಲೂ ಅದು ಬರಲಿಲ್ಲ. ಆಕೆ ಕಣದಲ್ಲಿ ಇರುವಷ್ಟು ದಿನ ಆ ಮಾತು ಇರುತ್ತದೆ, ಆಕೆ ಹೋದರೆ ಅದೂ ಹೋಗುತ್ತದೆ. ಹಾಗಾಗಿ ನಮ್ಮ ವಾರ್ಡಿನಲ್ಲಿ ಅವರ ಪರವಾಗಿ ಜನ ಸೇರಿಸುವ ಕೆಲಸ ಹೊತ್ತುಕೊಂಡೆ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಗವರ್ನರ್ ನಮ್ಮ ಮನೆಗೆ ಊಟಕ್ಕೆ ಬಂದರು. ಹಂದಿಮಾಂಸ, ಆಲೂಗಡ್ಡೆ, ಬೆಣ್ಣೆ ಸವರಿದ ಜೋಳದ ತೆನೆ. ಹಿತ್ತಲಲ್ಲಿ ಮೇಜು ಹಾಕಿ ನೆರೆಹೊರೆಯವರನ್ನೆಲ್ಲ ಕರೆದಿದ್ದೆ. ಆಕೆ ಒಬ್ಬೊಬ್ಬರ ಹತ್ತಿರವೂ ಹೋಗಿ, "ನನ್ನ ಜೊತೆ ನಿಲ್ತೀರಾ?" ಎಂದು ಕೇಳಿದರು. ನನ್ನ ಪಕ್ಕದ ಮನೆಯವಳು ಆರ್ಡಿಸ್, ಗವರ್ನರ್ ಅವರ ಎರಡೂ ಕೈ ಹಿಡಿದುಕೊಂಡು, "ನೋಡೋಣ ಗವರ್ನರ್, ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ" ಅಂದಳು. ಗವರ್ನರ್ ಮುಖ ಅರಳಿತು. ಪ್ರಚಾರದ ಕಚೇರಿಯವರು ಆರ್ಡಿಸ್ ಹೆಸರಿನ ಮುಂದೆ 'ಖಚಿತ' ಎಂದು ಬರೆದುಕೊಂಡರು. ಮಿಕ್ಕವರದ್ದೂ ಹಾಗೇ.

ತಟ್ಟೆ ತೊಳೆಯುವಾಗ ಗವರ್ನರ್ ನನ್ನ ಪಕ್ಕದಲ್ಲಿ ನಿಂತು ಒರೆಸುತ್ತಾ ಕೇಳಿದರು. "ವರ್ನಾ, ಈ ಜನ ನನ್ನವರು ತಾನೆ? ಅಯೋವಾದಲ್ಲಿ ಮೇಲೆ ಬರ್ದಿದ್ರೆ ನನ್ನ ಕತೆ ಅಲ್ಲಿಗೇ ಮುಗೀತು. ಮರುದಿನ ಬೆಳಿಗ್ಗೆ ನಾನು ಮನೆಗೆ ಹೋಗೋದೇ."

"ಪರವಾಗಿಲ್ಲ ಗವರ್ನರ್, ಒಳ್ಳೇ ಜನ ಇವ್ರು" ಅಂದೆ.

ಒಳ್ಳೆಯ ಜನವಂತೆ! ನನ್ನ ನಾಲಿಗೆಯೂ ಇದೇ ಊರಿನದು.

ಚಳಿಗಾಲದ ಆ ಸಂಜೆ ನಮ್ಮ ಸಭೆ ಸೇರಿದ್ದು ಶಾಲೆಯ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ. ಗುಟ್ಟಿನ ಮತದಾನ ನಮ್ಮಲ್ಲಿರಲಿಲ್ಲ. ಯಾರಿಗೆ ಯಾರು ಬೇಕೋ ಅವರ ಮೂಲೆಗೆ ಹೋಗಿ, ಊರೆಲ್ಲ ನೋಡುವ ಹಾಗೆ ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದು ಜನರಾದರೂ ಒಂದು ಮೂಲೆಯಲ್ಲಿ ಇಲ್ಲದಿದ್ದರೆ ಆ ಮೂಲೆ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಸಮಯ ಕೊಡುತ್ತಾರೆ. ಅಷ್ಟರಲ್ಲಿ ಬೇರೆಯವರನ್ನು ಎಳೆದು ತರಬೇಕು, ಇಲ್ಲವಾದರೆ ಮೂಲೆ ಬಿಟ್ಟು ಚದುರಬೇಕು. ಆಮೇಲೆ ಎರಡನೆಯ ಎಣಿಕೆ, ಅದೇ ಕೊನೆ.

ಗವರ್ನರ್ ಎಣಿಕೆಗೆ ಮುಂಚೆಯೇ ಬಂದು, ಎರಡು ಮಾತಾಡಿ, ಚಪ್ಪಾಳೆ ತೆಗೆದುಕೊಂಡು ಹೊರಟರು. ಅವರು ಇನ್ನೂ ಎರಡು ಊರುಗಳ ಸಭೆಗೆ ಮುಖ ತೋರಿಸಬೇಕಿತ್ತು. ಹೋದವರು ತಮ್ಮ ಸಹಾಯಕಿಯ ಜೊತೆ ಹಾಗೇ ತಿರುಗಿ ಬಂದರು. ಕೋಟಿನ ಮೇಲೆ ಹಿಮ. ಸಭೆ ನಡೆಸುತ್ತಿದ್ದ ಔಷಧಿ ಅಂಗಡಿಯ ಗೇಲನ್ ಮೈಕಿನಲ್ಲಿ ಕೂಗಿದ.

"ಗವರ್ನರ್ ವ್ಯಾನ್ ಹಿಂದೆ ಮೂರು ಪಿಕಪ್ ಅಡ್ಡ ನಿಂತಿವೆಯಂತೆ. ಯಾರದಪ್ಪಾ ಅವು?"

"ಅಯ್ಯೋ ಪಾಪ" ಎಂದು ಹಾಲಿನ ತುಂಬ ಗುಜುಗುಜು. ಯಾರೂ ಕದಲಲಿಲ್ಲ. ಗಾಡಿಯವರು ಮೂವರೂ ಇನ್ನೊಬ್ಬ ಅಭ್ಯರ್ಥಿ ಸೆನೆಟರ್ ಪಾರ್ಕ್‌ಹರ್ಸ್ಟ್ ಅವರ ಮೂಲೆಯಲ್ಲಿದ್ದರು. ಅದೇ ಎಲ್ಲಕ್ಕಿಂತ ದೊಡ್ಡ ಮೂಲೆ. ಅವರಲ್ಲಿ ಒಬ್ಬ ನನ್ನ ಗಂಡ ಡೆಲ್ಮಾರ್.

ನಾನು ಅಲ್ಲಿಗೆ ದಡದಡ ಹೋದೆ. "ನಡಿ, ಗಾಡಿ ತೆಗಿ."

"ಈಗ ಎಣಿಕೆ ಶುರುವಾಗುತ್ತೆ ಕಣೇ. ಹೊರಗಿದ್ದೋರನ್ನ ಎಣಿಸಲ್ಲ."

"ಆಕೆ ಬೇರೆ ಊರಿಗೆ ಹೋಗ್ಬೇಕು ಕಣೋ!"

"ನಾನೊಬ್ನೇ ತೆಗೆದ್ರೆ ಏನು ಬಂತು? ನನ್ನ ಹಿಂದೆ ಇನ್ನೆರಡು ಇವೆ. ಅವ್ರು ತೆಗೀಲಿ, ನಾನೂ ತೆಗೀತೀನಿ."

ಉಳಿದಿಬ್ಬರನ್ನು ಕೇಳಿದೆ. ಡೆಲ್ಮಾರ್ ತೆಗೆಯಲಿ, ನಾವೂ ತೆಗೆಯುತ್ತೇವೆ ಅಂದರು. ಅಷ್ಟು ಹೇಳಿ ಮೂವರೂ ಗವರ್ನರ್ ಕಡೆ ನೋಡಿ, ಟೋಪಿ ಎತ್ತಿ, ಪಾಪದ ಮುಖ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಗವರ್ನರ್ ಕೈ ಬೀಸಿ, "ಪರವಾಗಿಲ್ಲ, ಕೂತಿರ್ತೀನಿ" ಅಂದರು. ಆರು ತಿಂಗಳಲ್ಲಿ ನಮ್ಮ ಮಾತು ಅವರಿಗೂ ಅಂಟಿಕೊಂಡಿತ್ತು. ಗೋಡೆಯ ಬದಿಯ ಮರದ ಮೆಟ್ಟಿಲ ಸಾಲಿನಲ್ಲಿ, ಆಟ ನೋಡುವವರು ಕೂರುವ ಜಾಗದಲ್ಲಿ ಹೋಗಿ ಕೂತರು. ಹೊರಗಿನಿಂದ ಬಂದವರು ಎಣಿಕೆ ಶುರುವಾದ ಮೇಲೆ ಬಾಯಿ ಬಿಡುವ ಹಾಗಿಲ್ಲ, ಯಾರ ಮೂಲೆಗೂ ಬರುವ ಹಾಗಿಲ್ಲ. ಹೊರಗೆ ಹಿಮ, ಒಳಗೆ ಬಿಸಿಗಾಳಿಯ ಯಂತ್ರ ಗರಗರ ಅನ್ನುತ್ತಿತ್ತು. ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಆಕೆ ಸುಮ್ಮನೆ ನಮ್ಮನ್ನು ನೋಡುತ್ತಿದ್ದರು.

ನನ್ನ ಮೂಲೆ ಬ್ಯಾಸ್ಕೆಟ್ ಕಂಬದ ಕೆಳಗೆ. ಒಬ್ಬೊಬ್ಬರೂ ಕೈ ಎತ್ತಿ ತಮ್ಮ ಅಂಕಿ ಕೂಗಬೇಕು. ಹಾಲಿನಲ್ಲಿ ನೂರ ನಲವತ್ತು ಜನ ಇದ್ದೆವು. ನಮಗೆ ಬೇಕಿದ್ದದ್ದು ಇಪ್ಪತ್ತೊಂದು. ಆಗಸ್ಟಿನಲ್ಲಿ ನನ್ನ ಹಿತ್ತಲಲ್ಲಿ ಉಂಡವರೇ ಅದಕ್ಕಿಂತ ಹೆಚ್ಚಿದ್ದರು. ನಮ್ಮ ಕೂಗು ಹದಿಮೂರಕ್ಕೆ ನಿಂತಿತು. ಹದಿನಾಲ್ಕು ಅನ್ನಲು ಯಾರೂ ಇರಲಿಲ್ಲ.

"ಗವರ್ನರ್ ಮೂಲೆ ಸಾಲದು" ಎಂದು ಗೇಲನ್ ಮೈಕಿನಲ್ಲಿ ಹೇಳಿದ. "ಅರ್ಧ ಗಂಟೆ ಇದೆ. ಏನ್ ಮಾಡ್ತೀಯೋ ನೋಡು ವರ್ನಾ."

ನೋಡುವುದೇನು, ನೆಟ್ಟಗೆ ಆರ್ಡಿಸ್ ಹತ್ತಿರ ಹೋದೆ. ಸೆನೆಟರ್ ಮೂಲೆಯಲ್ಲಿ ಮೂರನೆಯ ಸಾಲಿನಲ್ಲಿ ಅಡಗಿ ನಿಂತಿದ್ದಳು. ಆ ದಿನ ಬೆಳಿಗ್ಗೆ ನಾನೇ ಸುರುಳಿ ಹಾಕಿದ ತಲೆ, ನನ್ನಿಂದ ಬಚ್ಚಿಟ್ಟುಕೊಳ್ಳಲು ಆಗುತ್ತದೆಯೇ?

"ಇಲ್ಲೇನ್ ಮಾಡ್ತಿದೀಯೇ ಆರ್ಡಿಸ್?"

"ಅಯ್ಯೋ ವರ್ನಾ, ಬೇಜಾರ್ ಮಾಡ್ಕೋಬೇಡ."

"ಬರ್ತೀನಿ ಅಂತ ಆಕೆ ಕೈ ಹಿಡ್ಕೊಂಡು ಹೇಳಿದ್ದು ಯಾರು?"

"ಬರ್ತೀನಿ ಅಂತ ನಾನೆಲ್ಲಿ ಅಂದೆ? ನೋಡೋಣ ಅಂದೆ. ನೀನೂ ಅಲ್ಲೇ ಇದ್ಯಲ್ಲ, ನಿಂಗೆ ಗೊತ್ತಾಗ್ಲಿಲ್ವಾ?"

ಬೇರೆ ದಾರಿ ಹಿಡಿದೆ. "ಸರಿ ಬಿಡು, ಈಗ ಬಾ. ನಿಂಗೆ ಆಕೆ ಇಷ್ಟ ತಾನೆ?"

"ಇಷ್ಟ ಅಂದ್ರೆ ಇಷ್ಟ. ಎಲ್ರಿಗಿಂತ ಆಕೇನೇ ಇಷ್ಟ. ಆದ್ರೆ ಗೆಲ್ಲಲ್ಲ ಅಂತ ಟೀವೀಲಿ ಹೇಳ್ತಾರಲ್ಲ."

"ನೀನು ಆ ಕಡೆ ನಿಂತ್ರೆ ಗೆಲ್ತಾರೆ! ನೀನು ಈ ಕಡೆ ನಿಂತು ಗೆಲ್ಲಲ್ಲ ಅಂದ್ರೆ ಹೆಂಗೆ ಗೆಲ್ತಾರೆ?"

"ಮಿಕ್ಕೋರೆಲ್ಲ ಬಂದ್ರೆ ನಾನೂ ಬರ್ತೀನಿ" ಅಂದಳು.

ಪಕ್ಕದವಳನ್ನು ಕೇಳಿದೆ, ಆರ್ಡಿಸ್ ಬಂದರೆ ಬರುತ್ತೇನೆ ಅಂದಳು. ಅವಳ ಹಿಂದಿನವನು ಇವರಿಬ್ಬರೂ ಬಂದರೆ ಬರುತ್ತೇನೆ ಅಂದ. ಹೊರಗೆ ಪಿಕಪ್ಪುಗಳು ನಿಂತಿದ್ದ ಹಾಗೇ ಒಳಗೆ ಇವರು ನಿಂತಿದ್ದರು. ಒಬ್ಬೊಬ್ಬರ ಹೆಸರು ಹಿಡಿದು ಕರೆದೆ, ಬೇಡಿಕೊಂಡೆ, ಬೈದೆ. ನಿಮ್ಮ ಮಗಳು ಹೆದ್ದಾರಿಯಲ್ಲಿ ಹೆತ್ತರೆ ಗೊತ್ತಾಗುತ್ತದೆ ನಿಮಗೆ ಎಂದೂ ಹೇಳಿಬಿಟ್ಟೆ. ಹೇಳಬಾರದಿತ್ತು, ಹೇಳಿದೆ. ತಲೆ ತಗ್ಗಿಸಿದರೇ ಹೊರತು ಯಾರ ಕಾಲೂ ಏಳಲಿಲ್ಲ.

ಕಾಲು ಎತ್ತಿದವನು ಡೆಲ್ಮಾರ್. ಪ್ಯಾಂಟು ಮೇಲೆಳೆದುಕೊಂಡು, ಹಾಲಿನ ನಡುವೆ ನಡೆದು, ನನ್ನ ಮೂಲೆಗೆ ಬಂದು ನಿಂತ.

"ಏನೋ ಡೆಲ್ಮಾರ್, ಮನಸ್ಸು ಬದಲಾಯ್ತಾ?" ಎಂದು ಗೇಲನ್ ಮೈಕಿನಲ್ಲೇ ಕೇಳಿದ.

"ಮನಸ್ಸು ಅಲ್ಲೇ ಇದೆ ಕಣೋ. ಹೊಟ್ಟೆಗೆ ನಾಳೇನೂ ಊಟ ಬೇಕಲ್ಲ."

ಎಲ್ಲರೂ ನಕ್ಕರು, ಗವರ್ನರ್ ಕೂಡ. ಆ ನಗೆಯ ಗುಂಗಿನಲ್ಲೇ ಇನ್ನೂ ನಾಲ್ವರು ಬಂದರು. ನಾವು ಹದಿನೆಂಟಾದೆವು! ಬೇಕಿದ್ದದ್ದು ಇನ್ನು ಮೂರೇ. ಆರ್ಡಿಸ್ ಕೈಚೀಲ ಎತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಲವೋನ್ ಬಂದಳು. ಡೆಲ್ಮಾರನ ಅಕ್ಕ, ನನ್ನ ಅತ್ತಿಗೆ, ಸೆನೆಟರ್ ಮೂಲೆಯ ಯಜಮಾನಿ. ಜೋರು ಮಾತು ಅವಳಿಗೆ ಗೊತ್ತಿಲ್ಲ. ಕೈಯಲ್ಲಿ ಫೋನು ಹಿಡಿದುಕೊಂಡು ನನ್ನ ಮೂಲೆಯವರ ಹತ್ತಿರ ಒಬ್ಬೊಬ್ಬರಾಗಿ ನಿಂತು, ಕಾಯಿಲೆಯವರನ್ನು ವಿಚಾರಿಸುವ ಹಾಗೆ ಮೆತ್ತಗೆ ಹೇಳಿದಳು.

"ಬೇರೆ ಊರುಗಳ ಸುದ್ದಿ ಬರ್ತಿದೆ. ಎಲ್ಲೂ ಆಕೆಗೆ ನೂರಕ್ಕೆ ಹದಿನೈದು ದಾಟಿಲ್ವಂತೆ. ಪಾಪ, ಅವ್ರು ಹೋಗ್ಬೇಕಾಗಿದ್ದ ಎರಡು ಊರಲ್ಲಂತೂ ಐದಾರು ಜನವೂ ಇಲ್ವಂತೆ. ನಿಮ್ಮ ವೋಟು ಯಾಕೆ ಹಾಳು ಮಾಡ್ಕೋತೀರಾ? ಆ ಕಡೆ ಜಾಗ ಇದೆ, ಬನ್ನಿ."

"ಲವೋನ್, ನಿನಗೆ ನಾಚಿಕೆ ಆಗಲ್ವಾ? ಆಕೆ ಅಲ್ಲೇ ಕೂತಿದಾರೆ!"

"ನಾನೇನು ಸುಳ್ಳು ಹೇಳಿದ್ನಾ ವರ್ನಾ? ನೀನೇ ಕೇಳು ಅವ್ರನ್ನ."

ನಾನು ಮೆಟ್ಟಿಲ ಕಡೆ ನೋಡಿದೆ. ಗವರ್ನರ್ ಸಹಾಯಕಿ ಫೋನಿನಲ್ಲಿ ಏನೋ ತೋರಿಸುತ್ತಿದ್ದಳು. ಗವರ್ನರ್ ಅದನ್ನು ನೋಡಿ, ಕಣ್ಣು ಮುಚ್ಚಿ, ಮತ್ತೆ ತೆರೆದು ನಮ್ಮ ಕಡೆ ತಿರುಗಿಕೊಂಡರು. ಎದ್ದು ಹೋಗಲು ಅವರಿಗೆ ಬೇರೆ ಜಾಗವೇ ಇರಲಿಲ್ಲ. ಬಾಗಿಲಾಚೆ ಅವರ ಗಾಡಿಗೆ ಮೂರು ಗಾಡಿ ಅಡ್ಡ. ತನ್ನ ಸೋಲನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡುವ ಶಿಕ್ಷೆ ನಾವು ಆಕೆಗೆ ವಿಧಿಸಿದ್ದೆವು.

ನನ್ನ ಮೂಲೆಯವರು ಹೊರಟರು. ಹೋಗುವ ಮುಂಚೆ ಒಬ್ಬೊಬ್ಬರೂ ನನ್ನ ಕೈ ಹಿಡಿದು ಕ್ಷಮೆ ಕೇಳಿದರು. ಕೆಲವರು ಗವರ್ನರ್ ಕಡೆ ನೋಡಿ ಕೈಬೀಸಿದರು, ಆಕೆಯೂ ಬೀಸಿದರು. ಒಬ್ಬಳಂತೂ ಮೆಟ್ಟಿಲ ಹತ್ತಿರ ಹೋಗಿ, "ನೀವು ಅಂದ್ರೆ ನಮಗೆ ಪ್ರಾಣ" ಎಂದು ಹೇಳಿ, ಅಲ್ಲಿಂದ ನೆಟ್ಟಗೆ ಸೆನೆಟರ್ ಮೂಲೆಗೆ ನಡೆದಳು. ಆರ್ಡಿಸ್ ಕೈಚೀಲ ಕೆಳಗಿಟ್ಟಳು. ಕೊನೆಗೆ ನಾನು ಮತ್ತು ಡೆಲ್ಮಾರ್ ಇಬ್ಬರೇ ಉಳಿದೆವು.

"ನೀನೂ ಹೋಗು" ಅಂದೆ.

"ನಾನಿರ್ತೀನಿ ಬಿಡೇ."

"ಹೋಗು ಅಂದ್ನಲ್ಲ. ಮನಸ್ಸು ಅಲ್ಲಿಟ್ಟು ಮೈ ಇಲ್ಲಿ ಇಟ್ಕೊಂಡು ನಿಂತ್ರೆ ನಂಗೆ ಮರ್ಯಾದೆ ಅಲ್ಲ."

ಅವನು ನಿಧಾನಕ್ಕೆ ಹೋದ. ನಾನು ಕೈಕಟ್ಟಿಕೊಂಡು ಕಂಬದ ಕೆಳಗೆ ಒಬ್ಬಳೇ ನಿಂತೆ. ಇಡೀ ಊರು ನನ್ನನ್ನೇ ನೋಡುತ್ತಿತ್ತು. ಅದರಲ್ಲಿ ಅರ್ಧ ಜನ ಮರುದಿನ, ಅದರ ಮರುದಿನ, ನನ್ನ ಕುರ್ಚಿಯಲ್ಲಿ ಬಂದು ಕೂರುವವರು. ಇವರ ಜೊತೆಗೇ ಬದುಕಬೇಕು, ಇವರನ್ನು ಬಿಟ್ಟು ಎಲ್ಲಿಗೆ ಹೋಗಲಿ? ಹೋಗಿ ಸೇರಿಕೊಂಡರೆ ಎಲ್ಲರೂ ಬೆನ್ನು ತಟ್ಟಿ ಜಾಗ ಕೊಡುತ್ತಾರೆ, ಗೊತ್ತಿತ್ತು. ಆದರೆ ಆಗಲಿಲ್ಲ.

"ವರ್ನಾ" ಎಂದು ಗೇಲನ್ ಮೈಕು ಬಿಟ್ಟು ಹತ್ತಿರ ಬಂದು ಹೇಳಿದ, "ಒಬ್ಬಳೇ ನಿಂತ್ರೆ ಗುಂಪು ಆಗಲ್ಲಮ್ಮ. ನಿನ್ನನ್ನ ಎಲ್ಲೂ ಲೆಕ್ಕಕ್ಕೆ ತಗೊಳಕ್ಕಾಗಲ್ಲ."

"ತಗೋಬೇಡ."

"ಹಂಗಂದ್ರೆ ನೀನು ಬಂದೇ ಇಲ್ಲ ಅಂತ ಆಗುತ್ತಲ್ಲೇ."

"ಆಗ್ಲಿ ಬಿಡು ಮಾರಾಯಾ, ಎಣಿಸಿ ಮುಗಿಸು!"

ಎಣಿಸಿ ಮುಗಿಸಿದರು. ಗವರ್ನರ್ ಹೆಸರಿಗೆ ಸೊನ್ನೆ. ಎಣಿಕೆ ಮುಗಿದ ಮೇಲೆ ಹೊರಗಿನವರಿಗೆ ತಡೆಯಿಲ್ಲ. ಗವರ್ನರ್ ಮೆಟ್ಟಿಲಿಳಿದು ನಾನು ನಿಂತಲ್ಲಿಗೇ ಬಂದರು. ಹಿಂದೆಯೇ ಸಹಾಯಕಿ ಅವಸರವಾಗಿ ಹೇಳುತ್ತಿದ್ದಳು. "ಮೇಡಂ, ಮುಂದಿನ ಆಯ್ಕೆ ನಡೆಯೋ ನ್ಯೂ ಹ್ಯಾಂಪ್‌ಶೈರ್‌ಗೆ ಇನ್ನೂ ಒಂದು ವಾರ ಇದೆ. ಅಲ್ಲಿ ಎಲ್ರೂ ನಿಮ್ಮ ಬಗ್ಗೆ ಒಳ್ಳೇ ಮಾತಾಡ್ತಿದಾರೆ. ಬಸ್ಸು ಬೆಳಿಗ್ಗೆ ಐದಕ್ಕೆ ರೆಡಿ ಇರುತ್ತೆ, ಹೂಂ ಅನ್ನಿ ಸಾಕು."

ಗವರ್ನರ್ ನನ್ನ ಮುಖವನ್ನೇ ನೋಡಿದರು. ಹತ್ತಿರದಿಂದ ನೋಡಿದರೆ ಆಕೆ ಬಹಳ ದಣಿದಿದ್ದರು, ತುಟಿ ಒಡೆದಿತ್ತು.

"ಅಲ್ಲಿಗೆ ಹೋಗ್ಲಾ ವರ್ನಾ?"

ನನ್ನ ಬಾಯಿ ತನಗೆ ತಾನೇ ಹಳೆಯ ದಾರಿ ಹಿಡಿಯಲು ಹೊರಟಿತ್ತು. ಒಳ್ಳೆಯ ಜನ ಇರುತ್ತಾರೆ ಗವರ್ನರ್, ಪರವಾಗಿಲ್ಲ ಗವರ್ನರ್. ಆಕೆ ಕಣದಲ್ಲಿ ಉಳಿದರೆ ನನ್ನ ಮಗಳ ಮಾತು ಉಳಿಯುತ್ತದೆ, ಇನ್ನೊಂದು ವಾರವಾದರೂ ಉಳಿಯುತ್ತದೆ. ಆಮೇಲೆ ಇನ್ನೊಂದು ಸಭೆ, ಇನ್ನೊಂದು ಊರಿನವರ ನಗುಮುಖ, ಅಲ್ಲೂ ಆಕೆ ಹೀಗೇ ಕೂತು ನೋಡಬೇಕು.

"ಬೇಡ" ಅಂದೆ. "ಮುಗೀತು ಗವರ್ನರ್. ಮನೆಗೆ ಹೋಗಿ."

ಹೊಡೆದವರನ್ನು ನೋಡುವ ಹಾಗೆ ನೋಡಿದರು. ಅವರ ಕೆನ್ನೆ ಕೆಂಪಾಯಿತು.

"ಇದನ್ನ ಆಗಸ್ಟ್‌ನಲ್ಲೇ ಹೇಳಬಹುದಾಗಿತ್ತಲ್ಲ ವರ್ನಾ? ನಾನು ಬಾಯಿ ಬಿಟ್ಟು ಕೇಳಿದ್ದೆ."

"ಆಗ ನೀವು ನಮ್ಮನೇಲಿ ಊಟ ಮಾಡಿದ್ರಲ್ಲ, ಹೆಂಗೆ ಹೇಳ್ಲಿ?" ಅಂದೆ. ನನಗೆ ಅಳು ಬಂದುಬಿಟ್ಟಿತು.

ಆಕೆ ನನ್ನ ತೋಳನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟರು. ಆಮೇಲೆ ಸಹಾಯಕಿಯ ಕೈಯಿಂದ ಫೋನು ತೆಗೆದುಕೊಂಡು, ಗೋಡೆಯ ಕಡೆ ತಿರುಗಿ, ಪ್ರಚಾರದ ಕಚೇರಿಯವರಿಗೆ "ಬಸ್ಸು ಬೇಡ" ಅಂದರು. "ಇಲ್ಲ, ನಾಳೆ ಅಲ್ಲ, ಇವತ್ತೇ ಹೇಳಿಬಿಡಿ. ನಾನು ಕಣ ಬಿಟ್ಟೆ ಅಂತ ಹೇಳಿ."

ಹಾಲಿನಲ್ಲಿದ್ದವರಿಗೆಲ್ಲ ಅದು ಕೇಳಿಸಿತು. ಮೊದಲು ಲವೋನ್ ಚಪ್ಪಾಳೆ ತಟ್ಟಿದಳು. ಆಮೇಲೆ ಆರ್ಡಿಸ್. ಕೂತಿದ್ದವರೆಲ್ಲ ಎದ್ದರು. ಎಲ್ಲ ಮೂಲೆಯವರೂ ತಮ್ಮ ತಮ್ಮ ಮೂಲೆ ಬಿಟ್ಟು ನಮ್ಮ ಕಂಬದ ಸುತ್ತ ಬಂದು ಸೇರಿಕೊಂಡು, ಮನಸ್ಸಾರೆ, ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿದರು. ಎಂಥ ಒಳ್ಳೆಯ ಹೆಂಗಸು, ಎಂಥ ದೊಡ್ಡ ಮನಸ್ಸು ಅಂದರು. ನೂರ ನಲವತ್ತು ಜನರಲ್ಲಿ ಒಬ್ಬರಾದರೂ ಹಿಂದೆ ಉಳಿದಿದ್ದರೆ ಹೇಳಿ. ಅಷ್ಟೂ ಜನ ನಮ್ಮ ಮೂಲೆಯಲ್ಲಿದ್ದರು.

"ಈಗ ಬಂದ್ರಾ?" ಎಂದು ನಾನು ಕಿರುಚಿದೆ. "ಕೈ ಇಳಿಸ್ರೋ! ಯಾರಾದ್ರೂ ಹೋಗಿ ಆ ಗಾಡಿ ತೆಗೀರಿ!"

ಚಪ್ಪಾಳೆ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೊದಲು ಯಾರು ಹೊರಡುತ್ತಾರೋ ಎಂದು.